ಅಳತೆಗೆ ಹೊಲಿದ ಆರೋಗ್ಯ

ಸೈನ್ಯದಿಂದ ಮರಳಿದವನಿಗೆ ಸರ್ಕಾರ ಎರಡು ಬಾಗಿಲು ತೆರೆದಿದೆ. ಒಂದು ಕ್ಯಾಂಟೀನಿನದು, ಅಲ್ಲಿ ರಿಯಾಯಿತಿ ದರದಲ್ಲಿ ರಮ್ಮು ದೊರೆಯುತ್ತದೆ. ಇನ್ನೊಂದು ಆಸ್ಪತ್ರೆಯದು, ಅಲ್ಲಿ ಕುಡಿತ ಬಿಡಿ, ಬೀಡಿ ಬಿಡಿ ಎಂಬ ಉಪದೇಶ ದೊರೆಯುತ್ತದೆ. ಒಂದೇ ಸರ್ಕಾರದ ಈ ಎರಡು ಕೈಗಳು ಒಂದನ್ನೊಂದು ಬಲ್ಲವೆ?

2003ರ ಏಪ್ರಿಲ್ 1ರಿಂದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ಅಂದರೆ ಇ.ಸಿ.ಎಚ್.ಎಸ್., ನಡೆದುಬಂದಿದೆ. ಹಾಸನದಲ್ಲಿ ಅದರ ಪಾಲಿಕ್ಲಿನಿಕ್ ಇದೆ. ಕಾಯಿಲೆ ಬಿದ್ದವನಿಗೆ ಅದು ಆಸರೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ರಕ್ತದೊತ್ತಡವೂ ಸಕ್ಕರೆ ಕಾಯಿಲೆಯೂ ಬೆಳೆಯುವುದು ದಿನದಿನದ ಬದುಕಿನಲ್ಲಿ. ದಂಡಿನಲ್ಲಿ ಬೆಳಗಿನ ಓಟವಿತ್ತು, ಹೊತ್ತಿಗೆ ಊಟವಿತ್ತು. ಊರಿಗೆ ಬಂದವನಿಗೆ ಕಾವಲುಗಾರನ ರಾತ್ರಿ ಪಾಳಿ, ಹೊತ್ತುಗೊತ್ತಿಲ್ಲದ ಊಟ. ಹಳೇಕೋಟೆಯ ಮಾಜಿ ಸೈನಿಕ ಉಪ್ಪು ಇಳಿಸುವ ಬುದ್ಧಿವಾದಕ್ಕಾಗಿ ದಿನಗೂಲಿ ಬಿಟ್ಟು ಹಾಸನದ ಬಸ್ಸು ಹತ್ತುವನೆ?

ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿ ‘ಆ್ಯನಿ’ ಎಂಬ ಮೊಬೈಲ್ ಸಂದೇಶದ ಏರ್ಪಾಡಿದೆ. ದಂಡಿನ ದಾದಿಯೊಬ್ಬಳ ಹೆಸರು ಅದು. ಮನೆಯಲ್ಲೇ ರಕ್ತದೊತ್ತಡ ಅಳೆದು ಅಂಕಿ ಕಳಿಸಿದರೆ, ಅದಕ್ಕೆ ತಕ್ಕ ಉತ್ತರ ಬರುತ್ತದೆ. ಎಲ್ಲರಿಗೂ ಒಂದೇ ಅಂಗಿಯಲ್ಲ. ಮೈ ಅಳತೆಗೆ ಹೊಲಿದ ಮಾತು.

ನಮ್ಮಲ್ಲೂ ಕೆಲಸ ಆರಂಭವಾಗಿದೆ. 2021ರ ಮೇ ತಿಂಗಳಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ದೂರದಿಂದಲೇ ವೈದ್ಯರನ್ನು ಕಾಣುವ ‘ಸೆಹತ್’ ಬಂತು. 2022ರ ಅಕ್ಟೋಬರಿನಲ್ಲಿ ಸರ್ವರಿಗೂ 14416 ಸಂಖ್ಯೆಯ ಟೆಲಿ ಮನಸ್ ಬಂತು. ಒಳ್ಳೆಯದೇ. ಆದರೆ ಇವೆಲ್ಲ ರೋಗಿ ತಾನಾಗಿ ಕರೆಯಲಿ ಎಂದು ಕಾಯುವಂಥವು. ಬೇಕಾದುದು ತಾನಾಗಿ ವಿಚಾರಿಸುವ ಏರ್ಪಾಡು.

ನಮ್ಮ ಬೇಡಿಕೆ ಸರಳ. ಮಾತು ಕನ್ನಡದಲ್ಲಿರಲಿ. ಗುಂಡಿಯ ಫೋನಿಗೂ ಧ್ವನಿಯಾಗಿ ತಲುಪಲಿ. ಮುದ್ದೆ, ಸಾರು, ಉಪ್ಪಿನಕಾಯಿ ತಿನ್ನುವವನಿಗೆ ಓಟ್ಸಿನ ಉಪದೇಶ ಬೇಡ. ಅಂಕಿ ಏರಿದಾಗ ಪಾಲಿಕ್ಲಿನಿಕ್ಕಿನಿಂದ ಒಬ್ಬ ಮನುಷ್ಯ ಕರೆ ಮಾಡಲಿ. ಯಂತ್ರ ನೆನಪಿಸೀತು, ಹೊಣೆ ಹೊರಲಾರದು.

ಇದು ಸೈನಿಕರ ಮಾತು, ನಮಗೇನು ಎನ್ನಬೇಡಿ. ಗಿರಣಿ ಕಾರ್ಮಿಕನ ಕೂಲಿಯಿಂದಲೂ ಇ.ಎಸ್.ಐ. ವಂತಿಗೆ ಮುರಿಯುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ದಿನ ಸವೆಸುವ ವರ್ತಕನಿಗೂ ಅದೇ ರಕ್ತದೊತ್ತಡ. ಸೈನಿಕನಿಗೆ ಹೊಲಿದ ಅಂಗಿ ಚೆನ್ನಾಗಿ ಕೂತರೆ, ನಮ್ಮ ಅಳತೆಯನ್ನೂ ತೆಗೆಯಿರಿ ಎಂದು ಕೇಳುವ ಹಕ್ಕು ದುಡಿಯುವವರಿಗುಂಟು.