ಕೋವಿಯೂ ಬಿಟ್ಟಿ ಬುದ್ಧಿವಾದವೂ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಗದ್ದೆಯೂ ಅಡಕೆಯ ತೋಟವೂ ಕಾಡಿನ ಮಗ್ಗುಲಿನಲ್ಲಿಯೇ ಇರುವುವು. ಹಂದಿಯ ಹಿಂಡು ಒಂದು ರಾತ್ರಿ ಗದ್ದೆಗಿಳಿದರೆ ಬೆಳಗಾಗುವುದರೊಳಗೆ ವರ್ಷದ ಅನ್ನವು ನೆಲದ ಪಾಲಾಗುವುದು. ಇಂಥ ಸೀಮೆಯಲ್ಲಿ ರೈತನ ಮನೆಯ ಗೋಡೆಗೆ ಕೇಪಿನ ಕೋವಿಯೊಂದು ತೂಗಿಕೊಂಡಿದ್ದರೆ ಅದು ಶೋಕಿಯೂ ಅಲ್ಲ, ರಾಜದ್ರೋಹವೂ ಅಲ್ಲ. ನೇಗಿಲು, ಕತ್ತಿಗಳಂತೆ ಅದೂ ಒಂದು ಹತ್ಯಾರು. ಪರಕೀಯ ಸರ್ಕಾರವು ೧೮೭೮ರಲ್ಲಿ ಮಾಡಿದ ಶಸ್ತ್ರ ಕಾಯಿದೆಯು ಇಡೀ ಜನಾಂಗವನ್ನೇ ಶಂಕೆಯಿಂದ ಕಂಡಿತು. ಸ್ವತಂತ್ರ ಭಾರತದ ೧೯೫೯ರ ಕಾಯಿದೆಯಾದರೋ ಬೆಳೆಯ ರಕ್ಷಣೆಗಾಗಿ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಬಹುದೆಂದು ತನ್ನ ೧೩ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದುದರಿಂದ ಕೋವಿಯ ವಿಷಯದಲ್ಲಿ ನಮ್ಮ ತಕರಾರಿಲ್ಲ. ನಮ್ಮ ತಕರಾರು ಕೋವಿಯ ಸುತ್ತ ಸೇರುವ ಬುದ್ಧಿವಾದಿಗಳ ವಿಷಯದಲ್ಲಿ. ಕೋವಿ ಇಡುವುದಕ್ಕೆ ಲೈಸೆನ್ಸು ಬೇಕು. ಅದರ ಬಗೆಗೆ ಸಲಹೆ ಕೊಡುವುದಕ್ಕೆ ಯಾವ ಲೈಸೆನ್ಸೂ ಬೇಡವಾಗಿದೆ!

ಈಚೆಗೆ ಹೊಸನಗರದ ಕಡೆಯ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಅವರ ತಂದೆಯವರು ತೀರಿಕೊಂಡು ಎರಡು ವರ್ಷಗಳಾಗಿದ್ದುವು. ತಂದೆಯ ಹೆಸರಿನಲ್ಲಿದ್ದ ಕೋವಿಯು ಅಟ್ಟದಲ್ಲಿಯೇ ಉಳಿದಿತ್ತು. “ಸುಮ್ಮನಿರು, ಯಾರೂ ಕೇಳುವುದಿಲ್ಲ” ಎಂದು ನೆರೆಯವರೊಬ್ಬರ ಸಲಹೆ. “ಹಾಳು ಬಾವಿಗೆ ಹಾಕಿಬಿಡು” ಎಂದು ಬಂಧುಗಳೊಬ್ಬರದು. “ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೇಕೆ?” ಎಂದು ಮೂರನೆಯವರದು. ಮೂರೂ ತಪ್ಪು. ಕೊಡಗಿನ ವಿನಾಯಿತಿಯು ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಮಾತ್ರ ಸಲ್ಲತಕ್ಕದ್ದು. ಅದನ್ನು ೨೦೧೯ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿದ್ದಾರೆ. ಅದು ಆಗುಂಬೆಯ ಘಟ್ಟದವರೆಗೆ ಹಬ್ಬಿ ಬಂದಿಲ್ಲ. ಲೈಸೆನ್ಸುದಾರನು ತೀರಿಕೊಂಡೊಡನೆ ಮನೆಯವರು ವಿಳಂಬ ಮಾಡದೆ ಕೋವಿಯನ್ನು ಹತ್ತಿರದ ಪೋಲೀಸ್ ಠಾಣೆಯಲ್ಲಿಯೋ ಲೈಸೆನ್ಸುಳ್ಳ ಕೋವಿ ವ್ಯಾಪಾರಿಯಲ್ಲಿಯೋ ಇಟ್ಟು ರಸೀತಿ ಪಡೆಯಬೇಕೆಂಬುದು ಕಾಯಿದೆಯ ೨೧ನೆಯ ಕಲಮು. ಆ ಬಳಿಕ ವಾರಸುದಾರನು ತನ್ನ ಹೆಸರಿಗೆ ಲೈಸೆನ್ಸು ಬೇಡಬಹುದು. ೨೦೧೬ರ ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ. ಸುಮ್ಮನಿದ್ದರೆ ಏನು? ಲೈಸೆನ್ಸಿಲ್ಲದ ಕೋವಿಗೆ ೨೦೧೯ರ ತಿದ್ದುಪಡಿಯ ಮೇರೆಗೆ ಎರಡು ವರ್ಷಗಳಿಂದ ಐದು ವರ್ಷಗಳವರೆಗೆ ಸಜೆ. ಅದನ್ನು ಅನುಭವಿಸತಕ್ಕವನು ಮಗನೇ ಹೊರತು ಸಲಹೆ ಕೊಟ್ಟ ನೆರೆಯವನಲ್ಲ.

ಕಾನೂನಿನ ಮಾತು ಹಾಗಿರಲಿ. ಪ್ರಾಣದ ಮಾತಿಗೆ ಬರೋಣ. “ಕೋವಿಯನ್ನು ಸದಾ ತುಂಬಿಯೇ ಇಡು, ಹಂದಿ ಕಾಯುವುದಿಲ್ಲ” ಎನ್ನುವವರಿದ್ದಾರೆ. ಹಂದಿ ಕಾಯದಿರಬಹುದು, ಮನೆಯ ಮಗುವೂ ಕಾಯುವುದಿಲ್ಲ. “ಅದು ಖಾಲಿ, ಹೆದರಬೇಡ” ಎನ್ನುವವರಿದ್ದಾರೆ. ಕೇಪಿನ ಕೋವಿಯ ಹೊಟ್ಟೆಯಲ್ಲಿ ಏನಿದೆಯೆಂಬುದು ನೋಟಕ್ಕೆ ತಿಳಿಯದು. ನಳಿಗೆಯೊಳಕ್ಕೆ ಗಜವನ್ನು ಇಳಿಸಿ ಅದು ಎಷ್ಟು ಆಳಕ್ಕೆ ಹೋಯಿತೆಂದು ಗುರುತುಮಾಡಿ, ಆ ಅಳತೆಯನ್ನು ಹೊರಗಿನಿಂದ ನಳಿಗೆಗೆ ಹಿಡಿದು ನೋಡಿದರೆ ಮಾತ್ರ ತಿಳಿಯುವುದು. “ಇನ್ನೊಂದು ಚಿಟಿಕೆ ಮದ್ದು ಹಾಕು, ದೂರ ಹೋಗುತ್ತದೆ” ಎಂಬುದು ಮತ್ತೊಂದು. ತುಕ್ಕು ಹಿಡಿದ ಹಳೆಯ ನಳಿಗೆಯು ಆ ಚಿಟಿಕೆಯನ್ನು ತಾಳದೆ ಸೀಳಿದರೆ ಮೊದಲು ಹೋಗುವುದು ಹಿಡಿದವನ ಕೈ, ಕಣ್ಣು. ಕೇಪು ಹೊಡೆದರೂ ಈಡು ಹಾರದಿದ್ದಾಗ ಬಾಯೊಳಕ್ಕೆ ಇಣಿಕಿ ನೋಡೆನ್ನುವ ಮಹಾನುಭಾವರೂ ಉಂಟು. ಥಂಡಿ ಹಿಡಿದ ಮದ್ದು ತಡೆದು ಹೊತ್ತಿಕೊಳ್ಳಬಹುದು. ಆಗ ನಳಿಗೆಯನ್ನು ನಿರ್ಜನವಾದ ಕಡೆಗೆ ತಿರುಗಿಸಿಕೊಂಡೇ ಕೆಲವು ನಿಮಿಷ ನಿಲ್ಲುವುದೇ ವಿವೇಕ.

ಇವೆಲ್ಲಕ್ಕಿಂತ ಘೋರವಾದ ಸಲಹೆ “ಸದ್ದಾದ ಕಡೆಗೆ ಹೊಡೆ” ಎಂಬುದು. ಸೊಪ್ಪಿನ ಬೆಟ್ಟದಲ್ಲಿ ತರಗೆಲೆ ಸದ್ದಾದರೆ ಹಂದಿಯೇ ಆಗಬೇಕೆ? ತರಗು ಗುಡಿಸುವ ಹೆಂಗಸರು, ದನ ಹುಡುಕುವ ಹುಡುಗರು, ಸುತ್ತಿ ಬಳಸಿ ಬಂದ ಜೊತೆಯ ಶಿಕಾರಿಯವನು, ಇವರೆಲ್ಲ ಕತ್ತಲಲ್ಲಿ ಒಂದೇ ಸದ್ದು ಮಾಡುವರು. ಸ್ನೇಹಿತನ ಕೈಯಿಂದಲೇ ಸ್ನೇಹಿತನು ಮಡಿದ ವಾರ್ತೆಯನ್ನು ಪತ್ರಿಕೆಯವರಾದ ನಾವು ಅಚ್ಚು ಹಾಕಿರುವುದು ಒಂದು ಬಾರಿಯಲ್ಲ. ಕಣ್ಣಿಗೆ ಪೂರಾ ಕಾಣದುದಕ್ಕೂ, ಅದರ ಹಿಂದೆ ಏನಿದೆಯೆಂದು ತಿಳಿಯದುದಕ್ಕೂ ಕುದುರೆ ಎಳೆಯಕೂಡದು. ಮಂಗನನ್ನು ಬೆದರಿಸಲು ಮರದ ತಲೆಗೆ ಹೊಡೆಯುವವನು ಆಚೆಯ ತೋಟದ ಮರದಲ್ಲಿ ಕೊನೆಗಾರನಿರಬಹುದೆಂಬುದನ್ನು ನೆನೆಯಬೇಕು. ಮದುವೆಯ ಸಂಭ್ರಮಕ್ಕೆ ಆಕಾಶಕ್ಕೆ ಹಾರಿಸುವುದನ್ನಂತೂ ೨೦೧೯ರಿಂದ ಪ್ರತ್ಯೇಕ ಅಪರಾಧವನ್ನಾಗಿಯೇ ಮಾಡಿದ್ದಾರೆ. ಹಂದಿಯೇ ಆದರೂ, ಅಧಿಕಾರಿಯ ಲಿಖಿತ ಆಜ್ಞೆಯಿಲ್ಲದೆ ಕೊಂದರೆ ೧೯೭೨ರ ವನ್ಯಜೀವಿ ಕಾಯಿದೆಯಂತೆ ಅಪರಾಧ. ಪ್ರಾಣರಕ್ಷಣೆಗೆ ಅಲ್ಲಿ ಕ್ಷಮೆಯುಂಟು. ಬೆಳೆಯ ರಕ್ಷಣೆಗೆ ಅಪ್ಪಣೆಯೇ ಬೇಕು.

ಅನಾಹುತ ನಡೆದ ಮೇಲೆ ಕೊನೆಯ ಸಲಹೆಗಾರನು ಬರುವನು: “ಮುಚ್ಚಿಹಾಕು.” ಆಸ್ಪತ್ರೆಗೆ ಒಯ್ದರೆ ಬದುಕಬಹುದಾಗಿದ್ದವನು ಈ ಒಂದು ಮಾತಿನಿಂದ ರಕ್ತ ಸೋರಿ ಸಾಯುವನು. ಅಜಾಗರೂಕತೆಯಿಂದ ಆದ ಸಾವಿಗೆ ಕಾನೂನಿನಲ್ಲಿ ಒಂದು ಶಿಕ್ಷೆ. ಸಾಕ್ಷ್ಯವನ್ನು ಅಡಗಿಸಿದುದಕ್ಕೆ ಇನ್ನೊಂದು. ಅದಕ್ಕಿಂತ ಹೆಚ್ಚಾಗಿ, ಸತ್ತವನ ಹೆಂಡತಿಯ ಮುಖವನ್ನು ಅದೇ ಊರಿನಲ್ಲಿ ದಿನವೂ ನೋಡಿಕೊಂಡು ಬಾಳಬೇಕಾದ ಶಿಕ್ಷೆಯೊಂದಿದೆ. ಅದಕ್ಕೆ ಅಪೀಲಿಲ್ಲ.

ಅಧಿಕಾರಿವರ್ಗಕ್ಕೂ ನಾವು ಎರಡು ಮಾತು ಅರಿಕೆಮಾಡುತ್ತೇವೆ. ಸರಿಯಾದ ಮಾಹಿತಿಯು ಕಚೇರಿಯಲ್ಲಿ ದೊರೆಯದಿದ್ದಾಗಲೇ ಜನರು ಹೋಟೆಲಿನಲ್ಲಿ ಅದನ್ನು ಹುಡುಕುವರು. ನವೀಕರಣದ ಅರ್ಜಿಯನ್ನು ತಿಂಗಳುಗಟ್ಟಲೆ ಅಲೆಸಿದರೆ, ಚುನಾವಣೆ ಬಂದಾಗಲೆಲ್ಲ ಕಳಂಕವಿಲ್ಲದ ರೈತನ ಕೋವಿಯನ್ನೂ ವಿಚಾರಿಸದೆ ಠಾಣೆಗೆ ತರಿಸಿಕೊಂಡು ಫಸಲಿನ ಕಾಲದಲ್ಲಿ ಹಿಂದಿರುಗಿಸಲು ತಡಮಾಡಿದರೆ, “ಅಡಗಿಸಿಡು” ಎಂಬ ದುರ್ಬೋಧಕನ ಮಾತಿಗೆ ಬೆಲೆ ಬರುವುದು. ಯಾರ ಕೋವಿಯನ್ನು ಇಡಿಸಬೇಕು, ಯಾರಿಗೆ ವಿನಾಯಿತಿ ಕೊಡಬೇಕು ಎಂಬುದನ್ನು ಪ್ರತಿಯೊಂದು ಪ್ರಕರಣದಲ್ಲಿಯೂ ಪರಿಶೀಲಿಸಲೆಂದೇ ಜಿಲ್ಲಾ ಪರಿಶೀಲನಾ ಸಮಿತಿಯಿದೆ. ಅದು ಪರಿಶೀಲಿಸಲಿ. ರೈತನೂ ಅಡಗಿಸದೆ ಲಿಖಿತವಾಗಿ ವಿನಾಯಿತಿ ಬೇಡಲಿ. ದೊರೆಯದಿದ್ದರೆ ಕೋವಿಯನ್ನು ಒಪ್ಪಿಸಿ ರಸೀತಿ ಪಡೆಯಲಿ. ಕಾಯಿದೆಯ ಮುಖ್ಯಾಂಶಗಳನ್ನು ತಿಳಿಗನ್ನಡದಲ್ಲಿ ಒಂದೇ ಹಾಳೆಯಲ್ಲಿ ಮುದ್ರಿಸಿ ಮೂರೂ ತಾಲ್ಲೂಕು ಕಚೇರಿಗಳಲ್ಲಿಯೂ ಪ್ರತಿಯೊಂದು ಪಂಚಾಯಿತಿಯಲ್ಲಿಯೂ ತೂಗುಹಾಕಿದರೆ ಖರ್ಚು ಎಷ್ಟಾದೀತು? ಒಂದು ಪ್ರಾಣದ ಬೆಲೆಯಷ್ಟಂತೂ ಆಗಲಾರದು.

ಅಂದು ಬಂದ ಗೃಹಸ್ಥರು ಮರುದಿನವೇ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀತಿ ತಂದು ತೋರಿಸಿದರು. ತಡವಾಗಿತ್ತು, ಆದರೆ ಹೊತ್ತು ಮೀರಿರಲಿಲ್ಲ. ಕೋವಿಯುಳ್ಳ ಪ್ರತಿಯೊಬ್ಬ ವಾಚಕ ಮಹಾಶಯರಲ್ಲಿಯೂ ನಮ್ಮ ಪ್ರಾರ್ಥನೆ ಇಷ್ಟೇ: ಸಲಹೆ ಕೊಡುವವನನ್ನು ಮೊದಲು ಒಂದು ಪ್ರಶ್ನೆ ಕೇಳಿರಿ. “ಇದರಿಂದ ಕೇಡಾದರೆ ನನ್ನೊಡನೆ ನ್ಯಾಯಾಲಯದ ಕಟಕಟೆಯಲ್ಲಿ ನೀವೂ ನಿಲ್ಲುವಿರಾ?” ಉತ್ತರಕ್ಕೆ ಅವನು ತಡವರಿಸಿದರೆ ಆ ಸಲಹೆಯ ತೂಕವು ತಿಳಿದಂತೆಯೇ ಸರಿ.