ನಡುರಾತ್ರಿ ವಿಮಾನ ಇಳಿದವರು ವಸ್ತಿ ಮಾಡಿ ಹೊರಡಲಿ

ನಮ್ಮ ಕಡೆ ‘ವಸ್ತಿ ಬಸ್’ ಎಂದರೆ ಗೊತ್ತಿಲ್ಲದವರಿಲ್ಲ. ರಾತ್ರಿ ಹಳ್ಳಿಗೆ ಬಂದು ನಿಂತು, ಡ್ರೈವರ್-ಕಂಡಕ್ಟರ್ ಅಲ್ಲೇ ಮಲಗಿ, ಬೆಳಿಗ್ಗೆ ಎದ್ದು ಹೊರಡುವ ಬಸ್ಸು ಅದು. ಮಾಘ ಮಾಸದಲ್ಲಿ ಚಿಂಚಲಿ ಮಾಯಕ್ಕದೇವಿಯ ಜಾತ್ರೆಗೆ ಮಹಾರಾಷ್ಟ್ರದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಭಕ್ತರೂ ದಾರಿಯಲ್ಲಿ ವಸ್ತಿ ಮಾಡಿಯೇ ಬರುತ್ತಾರೆ. ಎತ್ತಿಗೂ ದಣಿವಾಗುತ್ತದೆ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗಿತ್ತು. ಆದರೆ ಇಡೀ ದಿನ ಪ್ರಯಾಣ ಮಾಡಿ ನಡುರಾತ್ರಿ ವಿಮಾನದಿಂದ ಇಳಿದ ವಯಸ್ಸಾದ ತಂದೆ-ತಾಯಿಯನ್ನು ಅದೇ ಹೊತ್ತಿನಲ್ಲಿ ಕಾರಿನಲ್ಲಿ ಕೂರಿಸಿ ಊರಿಗೆ ಹೊರಡುವಾಗ ಮಾತ್ರ ಈ ತಿಳಿವಳಿಕೆ ನಮಗೆ ಮರೆತುಹೋಗುತ್ತದೆ.

ರಾಯಬಾಗ, ಚಿಕ್ಕೋಡಿ, ಅಥಣಿ ಭಾಗದಲ್ಲಿ ವಿದೇಶ ಪ್ರಯಾಣ ಈಗ ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಕಬ್ಬು ಬೆಳೆಯುವ ಮನೆಯ ಹುಡುಗ ದುಬೈಯಲ್ಲಿ ನೌಕರಿಯಲ್ಲಿದ್ದಾನೆ, ಮಗಳು-ಅಳಿಯ ಅಮೆರಿಕದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ತಾಯಿ ಆರು ತಿಂಗಳು ಹೋಗಿಬರುವುದು ಸಾಮಾನ್ಯವಾಗಿದೆ. ಹೋಗುವ ಮುಂಚೆ ದವಾಖಾನೆಗೆ ಬಂದು, “ಡಾಕ್ಟರ್ ಸಾಹೇಬ್ರ, ಆರು ತಿಂಗಳದ್ದು ಗುಳಿಗಿ ಬರ್ದು ಕೊಡ್ರಿ” ಎನ್ನುತ್ತಾರೆ. ಗುಳಿಗೆ ಬರೆದುಕೊಡುವುದು ಸುಲಭ. ಆದರೆ ವಿಮಾನ ಇಳಿದ ಮೊದಲ ರಾತ್ರಿಯನ್ನು ಹೇಗೆ ಕಳೆಯಬೇಕೆಂಬುದನ್ನು ಯಾರೂ ಕೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಪ್ರಯಾಣದಲ್ಲಿ ಹೆಚ್ಚು ಜೋಪಾನ ಬೇಕಾದದ್ದು ಆ ರಾತ್ರಿಗೇ.

ನಿದ್ದೆಗೆಟ್ಟ ಡ್ರೈವರ್

ಮೊದಲು ಮರಳಿ ಬರುವ ಪ್ರಯಾಣದ ಮಾತು. ಮುಂಬೈಗೆ ಬರುವ ವಿದೇಶಿ ವಿಮಾನಗಳಲ್ಲಿ ಅನೇಕವು ನಡುರಾತ್ರಿಯಿಂದ ನಸುಕಿನವರೆಗೆ ಇಳಿಯುತ್ತವೆ. ಕರೆತರಲು ಊರಿನಿಂದ ಬೆಳಿಗ್ಗೆಯೇ ಕಾರು ಹೊರಡುತ್ತದೆ. ಜೊತೆಗೆ ಮಾಮಾ, ಕಾಕಾ, ಇಬ್ಬರು ಮಕ್ಕಳು. ಕೊಲ್ಲಾಪುರ, ಸಾತಾರಾ, ಪುಣೆ ದಾಟಿ 400 ಕಿ.ಮೀ.ಗೂ ಹೆಚ್ಚು ದೂರ ಗಾಡಿ ಓಡಿಸಿದ ಡ್ರೈವರ್ ವಿಮಾನ ನಿಲ್ದಾಣದ ಹೊರಗೆ ಚಹಾ ಕುಡಿಯುತ್ತ ಕಾಯುತ್ತಾನೆ. ರಾತ್ರಿ ಎರಡಕ್ಕೆ ಪೆಟ್ಟಿಗೆ ಏರಿಸಿ ಮತ್ತೆ ಅಷ್ಟೇ ದೂರಕ್ಕೆ ಗಾಡಿ ತಿರುಗಿಸುತ್ತಾನೆ. ಹಿಂದೆ ಕುಳಿತವರೆಲ್ಲ ಮಲಗುತ್ತಾರೆ. ಎಚ್ಚರವಾಗಿರಬೇಕಾದವನು ಒಬ್ಬನೇ, ಅವನೇ ಎಲ್ಲರಿಗಿಂತ ಹೆಚ್ಚು ದಣಿದವನು.

ವೈದ್ಯಶಾಸ್ತ್ರ ಇದರ ಬಗ್ಗೆ ಸ್ಪಷ್ಟವಾಗಿದೆ. ಸತತ 17 ಗಂಟೆ ಎಚ್ಚರವಾಗಿರುವವನ ಕೈ-ಕಣ್ಣಿನ ಚುರುಕು, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ. ಮದ್ಯ ಸೇರಿದವನಷ್ಟೇ ಮಂದವಾಗಿರುತ್ತದೆಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದ ಕಾನೂನು ವಾಹನ ಚಾಲಕನಿಗೆ ಹಾಕಿರುವ ಮಿತಿ 30 ಮಿ.ಗ್ರಾಂ. ಅಂದರೆ ಒಂದು ಹನಿಯೂ ಕುಡಿಯದ ಡ್ರೈವರ್ ಕೂಡ ನಿದ್ದೆಗೆಟ್ಟರೆ ಕುಡಿದವನಂತೆಯೇ. ಅದರಲ್ಲೂ ರಾತ್ರಿ ಎರಡರಿಂದ ಬೆಳಗಿನ ಐದು-ಆರರ ನಡುವೆ ದೇಹದ ಒಳಗಡಿಯಾರ ನಿದ್ದೆಯತ್ತ ಬಲವಾಗಿ ಎಳೆಯುತ್ತದೆ. ಚಹಾ, ಹಾಡು, ಕಿಟಕಿಯ ಗಾಳಿ ಸ್ವಲ್ಪ ಹೊತ್ತಿನ ಉಪಾಯಗಳೇ ಹೊರತು ನಿದ್ದೆಗೆ ಬದಲಿಯಲ್ಲ.

22 ಮೇ 2010ರ ಮಂಗಳೂರು ವಿಮಾನ ದುರಂತವನ್ನು ಕರ್ನಾಟಕ ಮರೆತಿಲ್ಲ. ದುಬೈಯಿಂದ ನಡುರಾತ್ರಿ ದಾಟಿದ ಮೇಲೆ ಹೊರಟ ಆ ವಿಮಾನ ಬೆಳಿಗ್ಗೆ ಆರರ ಸುಮಾರಿಗೆ ಬಜ್ಪೆಯಲ್ಲಿ ಇಳಿಯುವಾಗ ರನ್‌ವೇ ದಾಟಿ ಕಮರಿಗೆ ಬಿತ್ತು. ಅದರಲ್ಲಿದ್ದ 166 ಜನರಲ್ಲಿ ಬದುಕಿದವರು ಎಂಟೇ ಜನ. ಕ್ಯಾಪ್ಟನ್ ಪ್ರಯಾಣದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ದೆ ಮಾಡಿದ್ದರೆಂದೂ, ಎದ್ದ ಮೇಲಿನ ನಿದ್ದೆಗಣ್ಣಿನ ಮಂಕು ಅವರ ನಿರ್ಧಾರವನ್ನು ಕೆಡಿಸಿರಬಹುದೆಂದೂ ತನಿಖಾ ವರದಿ ಹೇಳಿತು. ವರ್ಷಗಟ್ಟಲೆ ತರಬೇತಿ ಪಡೆದು, ಪಕ್ಕದಲ್ಲಿ ಸಹ ಪೈಲಟ್ ಇದ್ದವರಿಗೇ ಹೀಗಾಗಬಹುದಾದರೆ, ನಮ್ಮ ಬಾಡಿಗೆ ಕಾರಿನ ಡ್ರೈವರನಿಂದ ಏನನ್ನು ನಿರೀಕ್ಷಿಸಬೇಕು? ಹೆದ್ದಾರಿ ಬದಿಯಲ್ಲಿ ಗಾಡಿ ನಿಲ್ಲಿಸಿ ಹತ್ತು ನಿಮಿಷ ಕಣ್ಣು ಮುಚ್ಚಿದವನು ಕೂಡಲೇ ಸ್ಟೇರಿಂಗ್ ಹಿಡಿಯುವುದೂ ಸರಿಯಲ್ಲ. ಎದ್ದು ಮುಖ ತೊಳೆದು, ನಾಲ್ಕು ಹೆಜ್ಜೆ ನಡೆದು, ಕಾಲು ಗಂಟೆ ಕಳೆದ ಮೇಲೆ ಹೊರಡಬೇಕು.

ಆದ್ದರಿಂದ ನನ್ನ ಸ್ಪಷ್ಟ ಅಭಿಪ್ರಾಯ ಇದು: ರಾತ್ರಿ ಹತ್ತರ ನಂತರ ಇಳಿದವರು ಊರ ಕಡೆ ಹೊರಡಬಾರದು. ಸಮೀಪದ ಹೋಟೆಲಿನಲ್ಲೋ, ಮುಂಬೈಯ ಬೀಗರ ಮನೆಯಲ್ಲೋ ಮಲಗಿ, ಬೆಳಕು ಹರಿದ ಮೇಲೆ ಹೊರಡಬೇಕು. ಡ್ರೈವರನಿಗೂ ಮಲಗಲು ಮಂಚ ಕೊಡಬೇಕು. ಅವನನ್ನು ಕಾರಿನ ಸೀಟಿನಲ್ಲಿ ಮಲಗಿಸಿದರೆ ವಸ್ತಿ ಮಾಡಿದ ಫಲ ಸಿಗದು. ಇಲ್ಲವೇ ಕಾರನ್ನೇ ತರಿಸಬೇಡಿ. ಹಗಲು ವಿಶ್ರಾಂತಿ ಪಡೆದು ರಾತ್ರಿಯ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಮಲಗಿಕೊಂಡೇ ಬೆಳಿಗ್ಗೆ ಮೀರಜ್ ತಲುಪಬಹುದು. ಅಲ್ಲಿಂದ ಕುಡಚಿ, ಚಿಂಚಲಿ, ರಾಯಬಾಗ ಎಲ್ಲವೂ ಅದೇ ರೈಲು ದಾರಿಯ ಊರುಗಳು.

ಪರದೇಶದಲ್ಲಿ ಮೊದಲ ರಾತ್ರಿ

ಹೋಗುವಾಗಲೂ ಇದೇ ನಿಯಮ. ಮಗ ನೂರಾರು ಕಿ.ಮೀ. ದೂರದ ಊರಿನಿಂದ ಕೆಲಸ ಮುಗಿಸಿಕೊಂಡು ಬಂದು ನಡುರಾತ್ರಿ ಕರೆದೊಯ್ಯುವುದಕ್ಕಿಂತ, ಆ ರಾತ್ರಿ ನಿಲ್ದಾಣದ ಸಮೀಪ ಹೋಟೆಲಿನಲ್ಲಿ ಉಳಿಯುವುದು ಲೇಸು.

ಇಲ್ಲಿ ಹಲವರು ಎಡವುವುದು ತಾರೀಖಿನ ಲೆಕ್ಕದಲ್ಲಿ. ವಿಮಾನ 12ನೇ ತಾರೀಖು ರಾತ್ರಿ ಒಂದು ಗಂಟೆಗೆ ಇಳಿಯುತ್ತದೆ ಎಂದರೆ ಕೋಣೆಯನ್ನು 11ನೇ ತಾರೀಖಿಗೆ ಕಾದಿರಿಸಬೇಕು. ಬಹುತೇಕ ಹೋಟೆಲುಗಳಲ್ಲಿ ದಿನ ಆರಂಭವಾಗುವುದು ಮಧ್ಯಾಹ್ನ ಎರಡು-ಮೂರು ಗಂಟೆಗೆ. 12ಕ್ಕೆ ಕಾದಿರಿಸಿದವರು ಅಂದು ಮಧ್ಯಾಹ್ನದವರೆಗೆ ಹೊರಗಿನ ಕುರ್ಚಿಯಲ್ಲಿ ಕಾಯಬೇಕಾದೀತು. ತಡವಾಗಿ ಬರುತ್ತೇವೆಂದು ಹೋಟೆಲಿನವರಿಗೆ ಮೊದಲೇ ತಿಳಿಸಿರಬೇಕು, ಇಲ್ಲವಾದರೆ ಬಾರದವರೆಂದು ತಿಳಿದು ಕೋಣೆ ಬೇರೆಯವರಿಗೆ ಕೊಡುವ ಸಂಭವವಿದೆ. ಹೋಟೆಲಿನ ಹೆಸರು, ವಿಳಾಸ, ಮಗನ ಫೋನ್ ನಂಬರು ಇಷ್ಟನ್ನೂ ಕಾಗದದ ಮೇಲೆ ಬರೆದು ಜೇಬಿನಲ್ಲಿಡಿ. ಮೊಬೈಲಿನ ಬ್ಯಾಟರಿ ಮುಗಿದರೂ ಕಾಗದ ಕೈಬಿಡುವುದಿಲ್ಲ.

ಕೋಣೆಗೆ ಹೋದ ಮೇಲೆ ವಯಸ್ಸಾದವರು ಮೊದಲು ನೋಡಬೇಕಾದದ್ದು ಬಚ್ಚಲುಮನೆ. ಹೊಸ ಜಾಗದಲ್ಲಿ, ನಿದ್ದೆಗಣ್ಣಿನಲ್ಲಿ, ಕತ್ತಲಲ್ಲಿ ಮೂತ್ರಕ್ಕೆ ಎದ್ದವರು ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವುದು ಇಂಥ ಕಡೆಯೇ. ಬಚ್ಚಲಿನ ದೀಪ ಉರಿಯುತ್ತಿರಲಿ, ಬಾಗಿಲು ಅರ್ಧ ತೆರೆದಿರಲಿ. ತೊಟ್ಟಿಯೊಳಗೆ ಇಳಿದು ಸ್ನಾನ ಮಾಡುವ ಏರ್ಪಾಡಿದ್ದರೆ ಕಾಲಡಿ ಜಾರದ ಚಾಪೆ ಇದೆಯೇ ನೋಡಿ. ಬಿಸಿನೀರು ಎಷ್ಟು ಬಿಸಿಯೆಂದು ಕೈಯಿಂದ ಪರೀಕ್ಷಿಸಿದ ನಂತರವೇ ಮೈಮೇಲೆ ಬಿಡಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶಜ್ಞಾನ ಕಡಿಮೆಯಾದವರು ಕಾಲಿನಿಂದ ಬಿಸಿ ನೋಡಲೇಬಾರದು. ಮೆಟ್ಟಿಲು ಯಾವ ಕಡೆ ಇದೆಯೆಂದು ಮಲಗುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಬೆಂಕಿಯ ಸೂಚನೆ ಬಂದರೆ ಲಿಫ್ಟ್ ಬಳಸುವಂತಿಲ್ಲ.

ಸಕ್ಕರೆ ಕಾಯಿಲೆಯವರಿಗೆ

ನಡುರಾತ್ರಿ ತಲುಪಿದಾಗ ಹೋಟೆಲಿನ ಅಡುಗೆಮನೆ ಮುಚ್ಚಿರುತ್ತದೆ. ವಿಮಾನದ ಊಟ ಸೇರದೆ ಹಾಗೇ ಬಿಟ್ಟಿರುತ್ತೀರಿ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಗುಳಿಗೆ ಮಾತ್ರ ತಪ್ಪದೆ ತೆಗೆದುಕೊಂಡಿರುತ್ತೀರಿ. ಆಗ ರಕ್ತದ ಸಕ್ಕರೆ ಕುಸಿದು, ಬೆವರು, ನಡುಕ, ತಲೆಸುತ್ತು, ಕೊನೆಗೆ ಪ್ರಜ್ಞೆ ತಪ್ಪುವುದು. ಊಟವಿಲ್ಲದೆ ಈ ಗುಳಿಗೆಯಾಗಲಿ, ಊಟದ ಮುಂಚಿನ ಇನ್ಸುಲಿನ್ ಆಗಲಿ ಬೇಡ. ಕೈಚೀಲದಲ್ಲಿ ನಾಲ್ಕು ಖಡಕ್ ರೊಟ್ಟಿ, ಒಂದೆರಡು ಶೇಂಗಾ ಹೋಳಿಗೆ ಇರಲಿ. ಸಕ್ಕರೆ ಕುಸಿದಾಗ ಬಾಯಿಗೆ ಹಾಕಿಕೊಳ್ಳಲು ಗ್ಲೂಕೋಸ್ ಅಥವಾ ಪೆಪ್ಪರಮಿಂಟು ಜೇಬಿನಲ್ಲೇ ಇರಬೇಕು. ಖಾರದ ಚಟ್ನಿಪುಡಿ ದೊಡ್ಡ ಪೆಟ್ಟಿಗೆಯಲ್ಲಿರಲಿ, ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತಡೆ ಬರುತ್ತದೆ.

ಇನ್ಸುಲಿನ್ನನ್ನು ಎಂದೂ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಪೆಟ್ಟಿಗೆ ತಪ್ಪಿಹೋಗಬಹುದು, ತೀರಾ ತಂಪಿನಲ್ಲಿ ಹೆಪ್ಪುಗಟ್ಟಲೂಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಪಶ್ಚಿಮಕ್ಕೆ ಹೋದರೆ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಹೋದರೆ ಗಿಡ್ಡವಾಗುತ್ತದೆ. ಹಾಗಾಗಿ ಯಾವ ಚುಚ್ಚುಮದ್ದು ಎಷ್ಟು ಹೊತ್ತಿಗೆ ಎಂಬ ಪಟ್ಟಿಯನ್ನು ನಿಮ್ಮ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ.

ಕಾಲು ಮತ್ತು ಗಡಿಯಾರ

ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಆರೋಗ್ಯವಂತರಲ್ಲಿ ಈ ಅಪಾಯ ಮೂಲತಃ ಚಿಕ್ಕದು, ಹೆದರಬೇಕಿಲ್ಲ. ಆದರೆ ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಕ್ರಿಯೆ ಆದವರು, ಕ್ಯಾನ್ಸರ್ ಇರುವವರು, ಗರ್ಭಿಣಿಯರು, ತೀರಾ ಸ್ಥೂಲಕಾಯದವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಗಂಟೆಗೊಮ್ಮೆ ಪಾದಗಳನ್ನು ಮೇಲೆ-ಕೆಳಗೆ ಆಡಿಸಿ, ಆಗಾಗ ಎದ್ದು ನಡೆಯಿರಿ. ಶೌಚಕ್ಕೆ ಏಳಬೇಕಾಗುತ್ತದೆಂದು ನೀರು ಬಿಡುವ ಹೆಣ್ಣುಮಕ್ಕಳ ಅಭ್ಯಾಸ ಒಳ್ಳೆಯದಲ್ಲ. ಇಲ್ಲಿ ಗಮನಿಸಿ: ವಿಮಾನದ ಹತ್ತಾರು ಗಂಟೆಗಳ ಮೇಲೆ ಮತ್ತೆ ಎಂಟು ಗಂಟೆ ಕಾರಿನಲ್ಲಿ ಕಾಲು ಮಡಚಿ ಕುಳಿತರೆ ಕಾಲಿಗೆ ಅದು ಒಂದೇ ದೀರ್ಘ ಪ್ರಯಾಣ. ಮಧ್ಯದ ಒಂದು ರಾತ್ರಿಯ ವಸ್ತಿ ಅದನ್ನು ಎರಡಾಗಿ ತುಂಡರಿಸುತ್ತದೆ. ಪ್ರಯಾಣವಾದ ಕೆಲವು ವಾರಗಳೊಳಗೆ ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ದುಬೈಗೂ ನಮಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ. ಅಲ್ಲಿಂದ ಬಂದವರ ದಣಿವು ಗಡಿಯಾರ ಬದಲಾದದ್ದರಿಂದಲ್ಲ, ಒಂದು ರಾತ್ರಿಯ ನಿದ್ದೆ ಕೆಟ್ಟದ್ದರಿಂದ. ಚೆನ್ನಾಗಿ ಮಲಗಿದರೆ ಸರಿಹೋಗುತ್ತದೆ. ನ್ಯೂಯಾರ್ಕಿಗೆ ಹೋದವರಿಗೆ ಋತುವಿಗನುಸಾರ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆಯ ವ್ಯತ್ಯಾಸ. ದೇಹ ಹೊಂದಿಕೊಳ್ಳಲು ಒಂದು ವಾರ, ಕೆಲವೊಮ್ಮೆ ಹೆಚ್ಚೂ ಬೇಕು. ಹಗಲು ಬೆಳಕಿನಲ್ಲಿ ಓಡಾಡಿ, ಅಲ್ಲಿನ ಹೊತ್ತಿಗೆ ಊಟ ಮಾಡಿ, ಹಗಲುನಿದ್ದೆ ಅರ್ಧ ಗಂಟೆ ಮೀರದಿರಲಿ. ನಿದ್ದೆಯ ಗುಳಿಗೆಯನ್ನು ಜೀವನದಲ್ಲಿ ಮೊದಲ ಬಾರಿಗೆ ವಿಮಾನದಲ್ಲಿ ನುಂಗುವ ಪ್ರಯೋಗ ಬೇಡ.

ಔಷಧದ ಚೀಟಿ ಮತ್ತು ಗಸಗಸೆ

ಔಷಧಿಗಳನ್ನು ಅವುಗಳ ಮೂಲ ಪೊಟ್ಟಣದಲ್ಲೇ ಒಯ್ಯಿರಿ. ಡಬ್ಬಿಗೆ ಸುರುವಿದ ಬಣ್ಣಬಣ್ಣದ ಗುಳಿಗೆ ಪರದೇಶದ ಅಧಿಕಾರಿಗೂ ವೈದ್ಯನಿಗೂ ಒಗಟು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ, ಔಷಧಿಯ ರಾಸಾಯನಿಕ ಹೆಸರಿರುವ ಚೀಟಿ ಜೊತೆಗಿರಲಿ. ನಮ್ಮಲ್ಲಿ ನೋವಿಗೆ ಕೊಡುವ ಟ್ರಮಡಾಲ್, ಕೆಮ್ಮಿಗೆ ಕೊಡುವ ಕೊಡೀನ್ ಯು.ಎ.ಇ.ಯಲ್ಲಿ ಕಟ್ಟುನಿಟ್ಟಿನ ನಿಯಂತ್ರಣದಲ್ಲಿವೆ, ಮೊದಲೇ ಅನುಮತಿ ಪಡೆಯದೆ ಒಯ್ಯುವಂತಿಲ್ಲ. ಬಾಣಂತಿಗೆಂದು ಕಟ್ಟುವ ಅಂಟಿನುಂಡೆಗೆ ಹಾಕುವ ಗಸಗಸೆ ಕೂಡ ಅಲ್ಲಿ ನಿಷಿದ್ಧ. ತಾಯಂದಿರು ಇದನ್ನು ಅವಶ್ಯ ನೆನಪಿಡಬೇಕು.

ತುರ್ತು ವೈದ್ಯಕೀಯ ನೆರವಿಗೆ ಅಮೆರಿಕದಲ್ಲಿ 911, ಇಂಗ್ಲೆಂಡಿನಲ್ಲಿ 999, ಯುರೋಪಿನ ದೇಶಗಳಲ್ಲಿ 112, ಸಿಂಗಪುರದಲ್ಲಿ 995, ಯು.ಎ.ಇ.ಯಲ್ಲಿ 998ಕ್ಕೆ ಫೋನ್ ಮಾಡಬೇಕು. ಹೋಟೆಲಿನ ಕೋಣೆಯಲ್ಲಿ ಎದೆನೋವು ಬಂದರೆ “ಈ ಹೊತ್ತಿನಲ್ಲಿ ಮಗನಿಗೆ ಯಾಕೆ ತೊಂದರೆ” ಎಂದು ಬೆಳಗಾಗುವವರೆಗೆ ಕಾಯುವುದು ನಮ್ಮ ಹಿರಿಯರ ಸ್ವಭಾವ. ದಯವಿಟ್ಟು ಕಾಯಬೇಡಿ.

ಖರ್ಚಿನ ಮಾತು

“ನಾಕ್ ತಾಸಿನ ನಿದ್ದಿಗೆ ಅಷ್ಟ ರೊಕ್ಕ ಯಾಕ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ರೊಕ್ಕದ ಬೆಲೆ ಬಲ್ಲ ರೈತ ಮನೆತನದವರು ಹಾಗೆ ಕೇಳುವುದು ತಪ್ಪಲ್ಲ. ಆದರೆ ವಿಮಾನದ ಟಿಕೆಟಿಗೆ ಕೊಟ್ಟ ಹಣದ ಮುಂದೆ ಒಂದು ಸಾಧಾರಣ ಕೋಣೆಯ ಬಾಡಿಗೆ ಎಷ್ಟರದು? ಕರೆತರಲು ಹೋಗುವ ಬಳಗದಲ್ಲಿ ಇಬ್ಬರು ಕಡಿಮೆಯಾದರೂ ಆ ಖರ್ಚಿನ ಒಂದು ಪಾಲು ಉಳಿಯುತ್ತದೆ. ಅಷ್ಟೂ ಆಗದಿದ್ದರೆ ವಿಮಾನ ನಿಲ್ದಾಣದ ಒಳಗೇ ಕುಳಿತು ಬೆಳಕು ಹರಿಸಿ. ಡ್ರೈವರ್ ಮಲಗಿ ಏಳಲಿ.

ಈ ಮಾತನ್ನು ತಂದೆ-ತಾಯಿ ತಾವಾಗಿ ಹೇಳುವುದಿಲ್ಲ. ದಣಿವಾಗಿದೆ ಎಂದು ಒಪ್ಪಿಕೊಳ್ಳುವುದೇ ಅವರಿಗೆ ಸಂಕೋಚ; “ನಮಗೇನ ಆಗೇತಿ, ನಡೀರಿ” ಎನ್ನುತ್ತಾರೆ. ಅವರ ಆ ಮಾತನ್ನು ನಂಬಬೇಡಿ. ಟಿಕೆಟ್ ತೆಗೆಸುವ ಮಕ್ಕಳೇ ಅದರ ಜೊತೆಗೆ ಒಂದು ರಾತ್ರಿಯ ಕೋಣೆಯನ್ನೂ ಕಾದಿರಿಸಲಿ. ಊರಲ್ಲಿ ಕಾಯುವವರಿಗೆ ಅವರು ಅರ್ಧ ದಿನ ತಡವಾಗಿ ಬಂದರೆ ಏನೂ ನಷ್ಟವಿಲ್ಲ, ನೆಟ್ಟಗೆ ಬರುವುದು ಮುಖ್ಯ.