ಸೋರುವ ಛಾವಣಿಯ ಸುದ್ದಿ ಆಡಳಿತ ಮಂಡಳಿಗೆ ತಲುಪುವುದು ಯಾವಾಗ?

2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋಡಿ ಗ್ರಾಮದಲ್ಲಿ ಶಾಲೆಯ ಛಾವಣಿ ಕುಸಿದು ಏಳು ಮಕ್ಕಳು ಅಸುನೀಗಿದರು. ಅದಕ್ಕೂ ಮೊದಲು, 2004ರಲ್ಲಿ, ಕುಂಭಕೋಣಂ ಶಾಲೆಯ ಬೆಂಕಿಗೆ 94 ಮಕ್ಕಳು ಬಲಿಯಾಗಿದ್ದರು. ಆ ದುರಂತದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ನೀಡಿದ ತೀರ್ಪು, ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದಿತು.

ಈ ಮಾತು ಸರ್ಕಾರಕ್ಕೆ ಮಾತ್ರ ಅನ್ವಯಿಸುವುದಲ್ಲ. ನಮ್ಮ ಸೀಮೆಯಲ್ಲಿ ಅನ್ನದಾಸೋಹದೊಡನೆ ಅಕ್ಷರದಾಸೋಹವನ್ನೂ ಕೈಗೊಂಡ ಮಠಗಳು ಅನೇಕ. ಸುತ್ತೂರು ಶ್ರೀಮಠದ ಡಾ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1954ರಲ್ಲಿ ಸ್ಥಾಪಿಸಿದ ಜೆಎಸ್‌ಎಸ್ ಮಹಾವಿದ್ಯಾಪೀಠದಡಿ ಇಂದು ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. ಹತ್ತಿಪ್ಪತ್ತು ಶಾಲೆಗಳನ್ನು ನಡೆಸುವ ಸಣ್ಣ ಮಠಗಳಿಗೂ ಪ್ರಶ್ನೆ ಒಂದೇ: ಆಡಳಿತ ಕಛೇರಿ ಒಂದೆಡೆ, ಕಟ್ಟಡಗಳು ಹಲವೆಡೆ ಇರುವಾಗ ಅವುಗಳ ಯೋಗಕ್ಷೇಮ ವಿಚಾರಿಸುವವರು ಯಾರು?

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಂಥ ಊರನ್ನು ನೆನೆಯೋಣ. ಶಾಲೆಯ ಹೆಂಚು ಸರಿದು ಗೋಡೆ ನೆನೆಯುತ್ತದೆ. ಮುಖ್ಯೋಪಾಧ್ಯಾಯರು ಫೋನು ಮಾಡುತ್ತಾರೆ. "ನೋಡೋಣ" ಎಂಬ ಉತ್ತರ ಬರುತ್ತದೆ. ಮುಂದಿನ ಮಳೆಗೆ ಸ್ವಿಚ್‌ಬೋರ್ಡಿಗೂ ನೀರು ಇಳಿಯುತ್ತದೆ. ಮೊದಲ ಫೋನಿನ ದಾಖಲೆ ಎಲ್ಲಿಯೂ ಇರುವುದಿಲ್ಲ.

ಶಾಲಾ ಸಮೂಹಗಳ ಕಟ್ಟಡ ನಿರ್ವಹಣೆಗೆಂದು ಈಗ ದೊರೆಯುತ್ತಿರುವ ತಂತ್ರಾಂಶಗಳು ತುಂಬಲು ಯತ್ನಿಸುವುದು ಈ ಕಂದಕವನ್ನೇ. ಪ್ರತಿ ದೂರಿಗೂ ಸಂಖ್ಯೆ, ದಿನಾಂಕ, ಛಾಯಾಚಿತ್ರ ಮತ್ತು ಹೊಣೆಗಾರರ ಹೆಸರು ಸೇರುತ್ತವೆ. ನೀರಿನ ತೊಟ್ಟಿ ತೊಳೆಯುವ, ಅಗ್ನಿಶಾಮಕ ಸಿಲಿಂಡರ್ ಪರೀಕ್ಷಿಸುವ ದಿನಗಳನ್ನು ಅವು ಮುಂಚಿತವಾಗಿ ನೆನಪಿಸುತ್ತವೆ. ಯುಡೈಸ್ ಪ್ಲಸ್ ವ್ಯವಸ್ಥೆಯಲ್ಲಿ ಕೊಠಡಿ, ಶೌಚಾಲಯಗಳ ಲೆಕ್ಕ ಈಗಾಗಲೇ ಇದೆಯಲ್ಲ ಎನ್ನಬಹುದು. ಅದು ವರ್ಷಕ್ಕೊಮ್ಮೆಯ ಗಣತಿ; ಇದು ದಿನನಿತ್ಯದ ಕಾವಲು.

ಆದರೆ ಕೊಳ್ಳುವ ಮುನ್ನ ಯೋಚಿಸಬೇಕಾದದ್ದು ಬಹಳವಿದೆ. ಚಾಮರಾಜನಗರ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿಯೂ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿಯೂ ಮಳೆ ಜೋರು. ಜೂನ್‌ಗೆ ಮುನ್ನ ಒಮ್ಮೆ ಛಾವಣಿ ನೋಡಿದರೆ ಸಾಕೆಂದು ಬೇರೆಡೆಯವರು ಬರೆದಿಟ್ಟ ವೇಳಾಪಟ್ಟಿ ಇಲ್ಲಿಗೆ ಒಗ್ಗದು. ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಮತ್ತೊಮ್ಮೆ ನೋಡಬೇಕು. ಬಿಸಿಯೂಟದ ಲೆಕ್ಕ, ಎಸ್‌ಎಟಿಎಸ್ ನಮೂದು ಎಂದು ದಣಿದಿರುವ ಶಿಕ್ಷಕರಿಗೆ ಇನ್ನೊಂದು ಪರದೆ ತೋರಿಸುವುದು ದಯೆಯ ಕೆಲಸವಲ್ಲ. ಶಾಲೆಯ ಸಹಾಯಕರೇ ಕನ್ನಡದಲ್ಲಿ ಎರಡು ಮಾತು ಹೇಳಿ, ಒಂದು ಚಿತ್ರ ತೆಗೆದು ಕಳುಹಿಸುವಂತಿರಬೇಕು. ಚಂದಾ ನಿಲ್ಲಿಸಿದ ದಿನ ಹಳೆಯ ದಾಖಲೆಗಳೆಲ್ಲ ಸಂಸ್ಥೆಯ ಕೈಗೆ ಬರಬೇಕೆಂಬ ಷರತ್ತನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು. ಐದಾರು ಶಾಲೆಗಳಷ್ಟೇ ಇದ್ದರೆ ಒಂದು ದಪ್ಪ ವಹಿಯೂ ವಾರಕ್ಕೊಮ್ಮೆ ಅದನ್ನು ತೆರೆದು ನೋಡುವ ಪಾರುಪತ್ಯಗಾರರೂ ಸಾಕೆಂಬುದು ನಮ್ಮ ಅಭಿಪ್ರಾಯ.

ಎಲ್ಲಕ್ಕಿಂತ ಕಠಿಣವಾದದ್ದು ಹಣದ ವಿಚಾರ. ಹೊಸ ಕೊಠಡಿಗೆ ದಾನಿಗಳು ದೊರೆಯುತ್ತಾರೆ, ಗೋಡೆಗೆ ಅಮೃತಶಿಲೆಯ ಫಲಕವೂ ಏರುತ್ತದೆ. ಹೆಂಚು ಬದಲಿಸಲು, ವೈರಿಂಗ್ ಸರಿಪಡಿಸಲು ಕೊಟ್ಟವರ ಹೆಸರಿನ ಫಲಕವನ್ನು ನಾವು ಕಂಡದ್ದು ಅಪರೂಪ. ದುರಸ್ತಿ ನಿಧಿಯಿಲ್ಲದೆ ತಂತ್ರಾಂಶ ಮಾತ್ರ ತಂದರೆ, ಅಪಾಯ ತಿಳಿದೂ ಸುಮ್ಮನಿದ್ದೆವೆಂಬುದಕ್ಕೆ ನಾವೇ ದಿನಾಂಕಸಹಿತ ಸಾಕ್ಷಿ ಬರೆದಿಟ್ಟಂತಾಗುತ್ತದೆ. ಮುಂದಿನ ಆಯವ್ಯಯ ಸಭೆಯಲ್ಲಿ ಆ ನಿಧಿಗೆ ಎಷ್ಟು ತೆಗೆದಿರಿಸಲಾಗಿದೆ ಎಂದು ಪೋಷಕರೂ ಭಕ್ತರೂ ಕೇಳಬಹುದು.